ಕನ್ನಡಕ ಸಿಕ್ಕ ಮಾತ್ರಕ್ಕೆ ಶ್ರೀಪತಿ ಸತ್ತಂತಲ್ಲ

ವಾಹಿನಿಯ ಧಾರಾವಾಹಿ ವಿಭಾಗದ ಮುಖ್ಯಸ್ಥರ ಗಮನಕ್ಕೆ

ಮಾನ್ಯರೇ,

ಹೋದ ಗುರುವಾರ ಸಂಜೆ ನೀವು ಶ್ರೀಪತಿಯನ್ನು ಬಸ್ಸಿನ ಸಮೇತ ಘಾಟಿಯಿಂದ ಕೆಳಕ್ಕೆ ಉರುಳಿಸಿದಿರಿ. ಹಾಗೆ ಮಾಡಲು ನಿಮಗೆ ಯಾರು ಅಧಿಕಾರ ಕೊಟ್ಟರು ಎಂದು ನಾನು ಕೇಳುವುದಿಲ್ಲ. ಅಧಿಕಾರವೆಲ್ಲ ನಿಮ್ಮದೇ ಎಂಬುದು ನನಗೆ ಗೊತ್ತು, ನನ್ನ ಸಂಕಟವೂ ಅದೇ. ಅವನನ್ನು ವಾಪಸು ಕರೆತನ್ನಿ ಎಂದು ಕೇಳುವುದಕ್ಕೆ ಈ ಪತ್ರ. ಖಾಸಗಿಯಾಗಿ ಬರೆದರೆ ನಿಮ್ಮ ಕಚೇರಿಯ ಕಸದಬುಟ್ಟಿ ಒಂದೇ ಓದುತ್ತದೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಿಮ್ಮ ‘ಮೂರನೇ ಮನೆ’ಯನ್ನು ನೋಡದ ಪುಣ್ಯವಂತರೂ ಇದನ್ನು ಓದಬಹುದು, ಅವರಿಗಾಗಿ ಎರಡು ಮಾತು. ಒಂದು ವಠಾರ. ಅದರ ಮೂರನೇ ಮನೆಯಲ್ಲಿ ವನಜಾಕ್ಷಿ, ಬಟ್ಟೆ ಹೊಲಿದು ಬದುಕುವ ವಿಧವೆ. ಎರಡನೇ ಮನೆಯಲ್ಲಿ ಶ್ರೀಪತಿ, ಮುದ್ರಣಾಲಯದಲ್ಲಿ ಕರಡು ತಿದ್ದುವವನು, ದಪ್ಪ ಕನ್ನಡಕ, ಜೇಬಿನ ಮೇಲೆ ಸದಾ ಒಂದು ಶಾಯಿಯ ಕಲೆ. ಒಂದೂವರೆ ವರ್ಷ ನೀವೇ ಇವರಿಬ್ಬರನ್ನು ಇಂಚಿಂಚಾಗಿ ಹತ್ತಿರ ತಂದಿರಿ. ಅವನು ಊರಿಗೆ ಹೋಗಿ ತಾಯಿಯ ಒಪ್ಪಿಗೆ ಪಡೆದು ಬರುತ್ತೇನೆ ಎಂದು ಬಸ್ಸು ಹತ್ತಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಸ್ಸು ಹೊಳೆಗೆ ಬಿತ್ತು, ದಡದ ಕಲ್ಲಿನ ಮೇಲೆ ಅವನ ಕನ್ನಡಕ ಮಾತ್ರ ಸಿಕ್ಕಿತು.

ಇಲ್ಲಿಗೆ ನಿಲ್ಲೋಣ. ನಾನು ಹೊತ್ತು ಹೋಗದೆ ಟೀವಿ ನೋಡುವವಳಲ್ಲ. ವಿಮಾ ಕಚೇರಿಯೊಂದರ ಡೆತ್ ಕ್ಲೇಮ್ ವಿಭಾಗದಲ್ಲಿ ಗುಮಾಸ್ತೆ. ಯಾರು ಸತ್ತಿದ್ದಾರೆ, ಯಾರು ಸತ್ತಿಲ್ಲ ಎಂದು ಕಾಗದ ನೋಡಿ ಹೇಳುವುದೇ ನನ್ನ ಅನ್ನ. ಅಪಘಾತವೆಂದರೆ ಪೊಲೀಸರ ಪಂಚನಾಮೆ ಬೇಕು, ಶವಪರೀಕ್ಷೆಯ ವರದಿ ಬೇಕು, ಮರಣ ಪ್ರಮಾಣಪತ್ರ ಬೇಕು. ನೀವು ಕೊಟ್ಟ ಆಧಾರವೇನು? ಒಂದಿಷ್ಟು ಹೊಗೆ, ಒಂದು ಹೊಳೆ, ಒಂದು ಕನ್ನಡಕ. ಅದರ ಗಾಜು ಕೂಡ ಒಡೆದಿರಲಿಲ್ಲ. ಬಸ್ಸೇ ಪುಡಿಪುಡಿಯಾದ ಮೇಲೆ ಕನ್ನಡಕ ಹೇಗೆ ಉಳಿಯಿತು ಸ್ವಾಮಿ? ಈ ಕಡತ ನನ್ನ ಮೇಜಿಗೆ ಬಂದಿದ್ದರೆ ‘ಆಧಾರ ಸಾಲದು’ ಎಂದು ಬರೆದು ಹಿಂದಕ್ಕೆ ಕಳಿಸುತ್ತಿದ್ದೆ. ಹೆಣ ಸಿಗದ ಮನುಷ್ಯ ಸತ್ತನೆಂದು ಒಪ್ಪಬೇಕಾದರೆ ನಾವು ಏಳು ವರ್ಷ ಕಾಯುತ್ತೇವೆ. ನೀವು ಸೋಪಿನ ಜಾಹೀರಾತು ಮುಗಿಯುವಷ್ಟರಲ್ಲಿ ವನಜಾಕ್ಷಿಗೆ ಬಿಳಿ ಸೀರೆ ಉಡಿಸಿಬಿಟ್ಟಿರಿ. ಮದುವೆಯೇ ಆಗದವನಿಗಾಗಿ ಬಿಳಿ ಸೀರೆ ಯಾವ ಶಾಸ್ತ್ರದಲ್ಲಿದೆಯೋ ಅದನ್ನೂ ದಯವಿಟ್ಟು ತಿಳಿಸಿ.

ಅವರಿಬ್ಬರು ಒಂದಾಗಲೇಬೇಕೆಂದು ನಾನು ಹೇಳುವುದು ಪ್ರೇಮಕಥೆಯ ಹುಚ್ಚಿಗಲ್ಲ. ಅವರು ಒಂದು ದಿನವೂ ಪ್ರೀತಿ ಎಂಬ ಪದ ಆಡಿದವರಲ್ಲ, ಕೈ ಹಿಡಿದವರಲ್ಲ. ವಠಾರದ ನಲ್ಲಿಗೆ ನೀರು ಬರುವುದು ಕೋಳಿ ಕೂಗುವ ಹೊತ್ತಿಗೆ. ಶ್ರೀಪತಿ ಮೊದಲು ಅವಳ ಬಿಂದಿಗೆ ತುಂಬಿಸಿ ಅವಳ ಬಾಗಿಲ ಬಳಿ ಇಡುತ್ತಾನೆ, ಆಮೇಲೆ ನಲ್ಲಿಗೆ ತನ್ನದನ್ನು ಹಿಡಿಯುತ್ತಾನೆ. ಒಂದು ದಿನ ಅವನ ಸರದಿ ಬರುವಷ್ಟರಲ್ಲಿ ನೀರು ನಿಂತಿತು. ಸ್ನಾನವಿಲ್ಲದೆ ಕೆಲಸಕ್ಕೆ ಹೋದ. ಸಂಜೆ ಅಂಗಿಯ ಅಳತೆ ತೆಗೆಯುವಾಗ ಅವಳು, “ಏನ್ರೀ, ನೀರು ಕಂಡು ಎಷ್ಟು ದಿನ ಆಯ್ತು ನೀವು?” ಎಂದು ಬೈದಳು. ಅವನು ಕಾರಣ ಹೇಳಲಿಲ್ಲ, “ಮರ್ತೆ ಕಣ್ರೀ” ಎಂದ. ಆ ಕಂತು ಬರೆದವರಿಗೆ ನನ್ನ ನಮಸ್ಕಾರ. ಬಸ್ಸು ಉರುಳಿಸಿದವರೂ ಅವರೇ ಎಂದರೆ ನಾನು ನಂಬುವುದಿಲ್ಲ.

ಇನ್ನೂ ದೊಡ್ಡ ಕಾರಣವಿದೆ. ಇಡೀ ವಠಾರ ವನಜಾಕ್ಷಿಯನ್ನು ‘ಪಾಪ’ ಎನ್ನುತ್ತದೆ. ಹಾಲಿನವನು ಪಾಪ ಎನ್ನುತ್ತಾನೆ, ಬಾಡಿಗೆ ಏರಿಸುವ ಮನೆಯ ಮಾಲೀಕನೂ ಪಾಪ ಎಂದೇ ಏರಿಸುತ್ತಾನೆ. ಪಾಪ ಎನ್ನದವನು ಶ್ರೀಪತಿ ಒಬ್ಬನೇ. ಅಂಗಿಯ ತೋಳು ಗಿಡ್ಡವಾಯಿತೆಂದು ಅವಳ ಹೊಸಿಲಿನಾಚೆ ನಿಂತು ಸಮಸಮಕ್ಕೆ ಜಗಳವಾಡಿದ. “ನಿಮ್ಮ ಕೈಯೇ ಉದ್ದ, ನಾನೇನ್ ಮಾಡ್ಲಿ” ಎಂದು ಅವಳೂ ಬಿಡಲಿಲ್ಲ. ಗಂಡ ಹೋದ ಮೇಲೆ ಆ ಹೆಂಗಸನ್ನು ಎದುರಾಳಿಯೆಂದು ಲೆಕ್ಕಕ್ಕೆ ತೆಗೆದುಕೊಂಡವರು ಯಾರೂ ಇರಲಿಲ್ಲ. ಕರುಣೆ ತೋರಿಸುವವರು ಬೀದಿಗೊಬ್ಬರು ಸಿಗುತ್ತಾರೆ, ಜಗಳವಾಡುವವರು ಸಿಗುವುದಿಲ್ಲ. ಅಂದು ಜಗಳ ಮುಗಿಸಿ ಶ್ರೀಪತಿ ಹೋದ ಮೇಲೆ ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಒಬ್ಬಳೇ ನಕ್ಕಳು. ಅಂಥ ಜೋಡಿಯನ್ನು ಒಡೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಹೇಗೆ ಬಂತು ಎಂಬುದು ಪತ್ರಿಕೆಯ ಸಿನಿಮಾ ಪುಟದಲ್ಲಿ ಬಂದಿದೆ. ಶ್ರೀಪತಿಯ ವೇಷದ ನಟನಿಗೆ ಸಿನಿಮಾದಲ್ಲಿ ಅವಕಾಶ ಸಿಕ್ಕಿದೆಯಂತೆ, ಅದಕ್ಕಾಗಿ ಮೀಸೆಯನ್ನೂ ಬೋಳಿಸಿದ್ದಾನಂತೆ. ಒಳ್ಳೆಯದಾಗಲಿ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಯಾಕೆ ಬರೆ? ಹೋದ ವರ್ಷ ಇದೇ ಧಾರಾವಾಹಿಯಲ್ಲಿ ವನಜಾಕ್ಷಿಯ ಅತ್ತೆಯ ಮುಖ ಬದಲಾಯಿತು. ಸೋಮವಾರ ದಪ್ಪಗೆ ಕಪ್ಪಗಿದ್ದವರು ಮಂಗಳವಾರ ಸಣ್ಣಗೆ ಬೆಳ್ಳಗಾಗಿ ಬಂದರು. ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂದು ಕೆಳಗೆ ಒಂದು ಸಾಲು ಓಡಿಸಿದಿರಿ. ನಾವು ಗಲಾಟೆ ಮಾಡಿದೆವೇ? ಎರಡು ದಿನ ಮುಖ ಸಿಂಡರಿಸಿ ಸುಮ್ಮನಾದೆವು. ಅತ್ತೆಗೆ ಸಿಕ್ಕ ಒಂದು ಸಾಲು ಶ್ರೀಪತಿಗೆ ಯಾಕೆ ಸಿಗಲಿಲ್ಲ?

ಇಷ್ಟಕ್ಕೇ ಆಗಿದ್ದರೆ ನಾನು ನಾಲ್ಕು ದಿನ ಗೊಣಗಿ ಬೇರೆ ಧಾರಾವಾಹಿ ಹಿಡಿಯುತ್ತಿದ್ದೆ. ನನ್ನ ಯಜಮಾನರು ಗುರುರಾಜ್ ಹೇಳುವುದೂ ಅದನ್ನೇ. “ಅಲ್ಲ ಕಣೇ, ಕಥೇಲಿ ಸತ್ತೋನಿಗೆ ಯಾರಾದ್ರೂ ಅರ್ಜಿ ಹಾಕ್ತಾರಾ? ನಾಳೆ ನಿನ್ನ ಆಫೀಸ್ನೋರು ಕೇಳಿದ್ರೆ ಏನಂತೀಯ?” ಅವರಿಗೂ ಮೊದಮೊದಲು ವಿಷಯ ಪೂರ್ತಿ ಗೊತ್ತಿರಲಿಲ್ಲ. ಈಗ ನಿಮಗೂ ಹೇಳುತ್ತೇನೆ.

ನಮ್ಮದು ಇಂದಿರಾನಗರ ಮುಗಿದು ಮರ್ಫಿ ಟೌನ್ ಶುರುವಾಗುವ ಕಡೆ, ಯಜಮಾನರ ಕಾರ್ಖಾನೆಯ ಕ್ವಾರ್ಟರ್ಸು. ಮನೆಗೆಲಸಕ್ಕೆ ಬರುವ ಗಂಗಾ ಸುರಪುರದ ಕಡೆಯವಳು. ಅವಳೂ ಅವಳ ಅತ್ತೆ ಜಟ್ಟೆಮ್ಮನೂ ಮರ್ಫಿ ಟೌನಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಗಂಗಾಳ ಗಂಡ ಮುತ್ತಣ್ಣ ಗಾರೆ ಕೆಲಸದವನು. ನೂರಡಿ ರಸ್ತೆಯಲ್ಲಿ ಒಂದು ಹಳೆಯ ಬಂಗಲೆ ಕೆಡವಿ ಅಂಗಡಿ ಕಟ್ಟುತ್ತಿದ್ದಾಗ ಗಳು ಕಟ್ಟಿದ ಸಾರುವೆಯಿಂದ ಬಿದ್ದು ತೀರಿಕೊಂಡ. ಮೂರು ವರ್ಷವಾಯಿತು. ಮಗ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ. ಸಂಜೆ ಗಂಗಾ ಪಾತ್ರೆ ತೊಳೆಯಲು ಬರುವಾಗ ಜಟ್ಟೆಮ್ಮನೂ ಜೊತೆಗೆ ಬಂದು, ನಮ್ಮ ಟೀವಿಯ ಮುಂದೆ ಕಾಲು ಚಾಚಿ ಕೂತು ‘ಮೂರನೇ ಮನೆ’ ನೋಡುತ್ತಾಳೆ.

ಮುತ್ತಣ್ಣನ ಗುಂಪಿನಲ್ಲೇ ಕೆಲಸ ಮಾಡುತ್ತಿದ್ದ ಹುಡುಗ ಶರಣಬಸವ. ಈಗ ಕೆ.ಆರ್. ಪುರದ ಕಡೆ ಒಂದು ಕಟ್ಟಡದಲ್ಲಿ ಕಂಬಿ ಕಟ್ಟುತ್ತಾನೆ. ಪ್ರತಿ ಭಾನುವಾರ ಜೋಳ ಬೀಸಿಸಿ ಹಿಟ್ಟು ತಂದುಕೊಡುತ್ತಾನೆ. ಒಮ್ಮೆ ಹಬ್ಬದ ತಿಂಡಿ ಕೊಡಲು ಗಂಗಾಳ ಮನೆಗೆ ಹೋದಾಗ ನಾನೇ ಕಣ್ಣಾರೆ ಕಂಡೆ. “ರೊಟ್ಟಿ ದಪ್ಪ ಆಗ್ಯಾವ” ಎಂದು ಅವನು ಗೊಣಗಿದ. “ಹಂಗಾದ್ರ ನೀನ ಬಡಿ” ಎಂದು ಗಂಗಾ ಹಿಟ್ಟಿನ ಉಂಡೆಯನ್ನು ಅವನ ಮುಂದಿಟ್ಟಳು. ಅವನು ಬಡಿದೇ ಬಡಿದ. ಅದು ಯಾವ ದೇಶದ ನಕಾಶೆಯೋ ಗೊತ್ತಾಗಲಿಲ್ಲ. ಜಟ್ಟೆಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಶ್ರೀಪತಿಯ ಅಂಗಿಯ ತೋಳಿನ ಜಗಳ ನಿಮಗೆ ನೆನಪಿದ್ದರೆ, ನನಗೆ ಅಲ್ಲಿ ಏನು ಕಂಡಿತೆಂದು ಬಿಡಿಸಿ ಹೇಳಬೇಕಿಲ್ಲ.

ಅವರಿಬ್ಬರ ಮದುವೆಗೆ ಅಡ್ಡಿ ಜಾತಿಯಲ್ಲ, ಊರಿನ ಮಾತೂ ಅಲ್ಲ. “ನಮ್ಮ ಮಂದ್ಯಾಗ ಉಡಿಕಿ ಅದರಿ ಅಕ್ಕಾರ” ಎಂದಳು ಜಟ್ಟೆಮ್ಮ. ಉಡಿಕಿ ಎಂದರೆ ವಿಧವೆಯ ಮರುಮದುವೆ, ಹಿಂದಿನಿಂದ ಬಂದ ಪದ್ಧತಿ. “ಆದ್ರ ದೇವ್ರಿಗಿ ಕೇಳಬೇಕ್ರಿ.” ಅವರ ಊರಿನ ಅಮ್ಮನ ಗುಡಿಯಲ್ಲಿ ಮೂರ್ತಿಯ ಎಡಬಲಕ್ಕೆ ಹೂ ಸಿಕ್ಕಿಸಿ ಕೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಇಲ್ಲ. ಹೋಗಿ ಕೇಳಿಬರಬಹುದಿತ್ತು. ಆದರೆ ಪೂಜಾರಿ ಸತ್ತು, ಅವನ ಇಬ್ಬರು ಮಕ್ಕಳು ಪೂಜೆಯ ಹಕ್ಕಿಗಾಗಿ ಕೋರ್ಟು ಹತ್ತಿದ್ದಾರೆ, ಗುಡಿಗೆ ಬೀಗ ಬಿದ್ದಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಹಲಸೂರಿನ ದೇವಸ್ಥಾನಕ್ಕೆ ನಾನೇ ಕರೆದುಕೊಂಡು ಹೋದೆ. “ಆ ಪದ್ಧತಿ ಇಲ್ಲಿ ಇಲ್ಲಮ್ಮ, ಅರ್ಚನೆ ಬೇಕಾದ್ರೆ ಮಾಡಿಸಿ” ಎಂದರು ಅರ್ಚಕರು. ಜಟ್ಟೆಮ್ಮ ಅರ್ಚನೆ ಮಾಡಿಸಿದಳು, ಉತ್ತರ ಸಿಗದೆ ಹಿಂದಕ್ಕೆ ಬಂದಳು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ನಮ್ಮ ಟೀವಿಯ ಎರಡೂ ಬದಿಗೆ ಕನಕಾಂಬರ ಸಿಕ್ಕಿಸಿದೆ.

“ಇವತ್ತು ಶುಕ್ರವಾರಾನೂ ಅಲ್ವಲ್ಲ ಜಟ್ಟೆಮ್ಮ, ಟೀವಿಗ್ಯಾಕೆ ಹೂವು?” ಎಂದೆ.

“ಕೇಳ್ಲಾಕ ಇಟ್ಟೀನ್ರಿ” ಎಂದಳು ಶಾಂತವಾಗಿ. “ಆ ವನಜಾಕ್ಷಿ ನಮ್ಮ ಗಂಗಾನಂಗ ಅದಾಳ. ಆಕಿ ಶ್ರೀಪತಿನ್ನ ಮಾಡಿಕೊಂಡ್ಲಂದ್ರ ಇಕಿಗೂ ಉಡಿಕಿ ಮಾಡು ಅಂದಂಗ. ಇಲ್ಲಂದ್ರ ಇಲ್ಲ.”

“ಅದು ಕಥೆ ಜಟ್ಟೆಮ್ಮ. ಯಾರೋ ಕೂತ್ಕೊಂಡು ಬರೀತಾರೆ.”

“ಹಣೆಬರಾನೂ ಯಾರೋ ಕೂತೇ ಬರೀತಾರಲ್ರಿ?”

ಇದಕ್ಕೆ ಉತ್ತರ ಕೊಡಬೇಕಾದವರು ನೀವು. ನಿಮ್ಮ ಬಳಿ ಇದ್ದರೆ ತಿಳಿಸಿ. ನಾನು ಬೇರೆ ದಾರಿ ಹಿಡಿದೆ. ನಿಮಗೂ ಇಷ್ಟವಿದೆ, ಸೊಸೆಗೂ ಇಷ್ಟವಿದೆ, ನೀವೇ ಹೂಂ ಅಂದುಬಿಡಿ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. “ನಾ ಹೂಂ ಅಂದ್ರ ನಾಳಿ ನನ್ನ ಮಗ ನನಗ ಕೇಳ್ತಾನ್ರಿ, ಯವ್ವಾ, ಇಷ್ಟು ಲಗೂನ ನನ್ನ ಮರತೇನು ಅಂತ. ಮ್ಯಾಲಿನವರು ಹೂಂ ಅಂದ್ರ ಅಂವ ಯಾರಿಗಿ ಕೇಳ್ತಾನ?”

ಅಂದಿನಿಂದ ಮಾನ್ಯರೇ, ಆ ಮೇಲಿನವರು ನೀವು. ನಿಮಗೆ ಈ ಹುದ್ದೆಯ ವಿಷಯ ಗೊತ್ತಿರಲಿಲ್ಲ ಎಂದು ಒಪ್ಪುತ್ತೇನೆ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಶ್ರೀಪತಿ ಅವಳಿಗೆ ಕುಂಕುಮದ ಭರಣಿ ತಂದುಕೊಟ್ಟ ದಿನ ಜಟ್ಟೆಮ್ಮ ನನ್ನಿಂದ ಸಕ್ಕರೆ ಕೇಳಿ ಇಸಿದುಕೊಂಡು ಬಾಯಿಗೆ ಹಾಕಿಕೊಂಡಳು. ಶರಣಬಸವ ಹೊಸ ಅಂಗಿ ಹೊಲಿಸಿದ. ಗಂಗಾ ಪಾತ್ರೆ ತೊಳೆಯುತ್ತಾ ಪದ ಹೇಳಿಕೊಳ್ಳುತ್ತಿದ್ದಳು. ಅವಳಿಗೆ ದನಿ ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ.

ಗುರುವಾರ ನೀವು ಬಸ್ಸು ಉರುಳಿಸಿದಿರಿ. ಶುಕ್ರವಾರ ವನಜಾಕ್ಷಿಯ ಬಾಯಲ್ಲಿ, “ನನ್ನ ಹಣೆಯಲ್ಲಿ ಎರಡನೇ ಬಾಳು ಬರೆದಿಲ್ಲ” ಎಂದು ಹೇಳಿಸಿದಿರಿ. ಜಟ್ಟೆಮ್ಮ ಎದ್ದು, ಟೀವಿಯ ಎರಡು ಬದಿಯ ಹೂವನ್ನೂ ತೆಗೆದು, ತುಳಸಿಕಟ್ಟೆಯ ಮಣ್ಣಿಗೆ ಹಾಕಿ ಬಂದಳು. “ಕೇಳಿದ್ದಾತು, ಹೇಳಿದ್ದಾತು” ಎಂದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಲ್ಲಿಯ ನೀರು ಮಾತ್ರ ಸುರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಪಾತ್ರೆಯ ಸದ್ದು ಶುರುವಾಯಿತು.

ನಾನು ಕೈಕಟ್ಟಿ ಕೂರಲಿಲ್ಲ. ಶನಿವಾರ ಬೆಳಿಗ್ಗೆ ಕೇಬಲ್ಲಿನ ಜಿಯಾವುಲ್ಲಾನನ್ನು ಹಿಡಿದು ತರಾಟೆಗೆ ತೆಗೆದುಕೊಂಡೆ. ನಿಮ್ಮ ಕಡೆಯವರೆಂದು ನನ್ನ ಕೈಗೆ ಸಿಗುವವನು ಅವನೊಬ್ಬನೇ. “ನನ್ಗೆ ಬೈದ್ರೆ ಏನ್ ಬಂತು ಮೇಡಂ? ಶಿವಾಜಿನಗರದಲ್ಲಿ ನಮ್ಮ ಅಮ್ಮೀನೂ ನಿನ್ನೆಯಿಂದ ಊಟ ಬಿಟ್ಟು ಕೂತವ್ರೆ. ಕಥೆ ಅವ್ರದು. ನಂದು ಬರೀ ವೈರು” ಎಂದ. ಸೋಮವಾರ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಒಂದು ಹುಡುಗಿ ಬಹಳ ವಿನಯದಿಂದ, “ನಿಮ್ಮ ಅನಿಸಿಕೆಗೆ ಥ್ಯಾಂಕ್ಸ್ ಮ್ಯಾಮ್, ಅದನ್ನ ಎಸ್ಸೆಮ್ಮೆಸ್ ಮಾಡಿದ್ರೆ ಲಕ್ಕಿ ಡ್ರಾದಲ್ಲಿ ಸೀರೆ ಸಿಗಬಹುದು” ಎಂದಳು. ಬಿಳಿಯದೋ ಬಣ್ಣದ್ದೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಪಾಪ, ಅವಳದೂ ಬರೀ ವೈರು.

ಆಮೇಲೆ ನಾನು ಮಾಡಿದ ಬುದ್ಧಿವಂತಿಕೆ ಕೇಳಿ. ಸೋಮವಾರ ಸಂಜೆ ಜಟ್ಟೆಮ್ಮನನ್ನು ಕೂರಿಸಿ, ನನ್ನ ಇಷ್ಟು ವರ್ಷದ ನೌಕರಿಯ ವಿದ್ಯೆಯನ್ನೆಲ್ಲ ಬಿಚ್ಚಿದೆ. “ಶ್ರೀಪತಿ ಹೆಣ ಸಿಕ್ಕಿಲ್ಲ. ಹೆಣ ಸಿಗದಿದ್ರೆ ಸತ್ತ ಅಂತ ನಮ್ಮ ಆಫೀಸ್ನಲ್ಲಿ ಒಪ್ಪೋದೇ ಇಲ್ಲ.”

“ಹೌದೇನ್ರಿ?” ಮುದುಕಿಯ ಮುಖ ಅರಳಿತು.

“ಏಳು ವರ್ಷ ಕಾಯ್ತೀವಿ. ಅಷ್ಟರೊಳಗೆ ಬರದಿದ್ರೆ ಮಾತ್ರ ಸತ್ತ ಅಂತ ಲೆಕ್ಕ.”

“ಸರಕಾರದ ಕಾಯ್ದೇನೇನ್ರಿ ಇದು?”

“ಕಾಯ್ದೆನೇ” ಎಂದೆ, ಬಹಳ ಹೆಮ್ಮೆಯಿಂದ.

“ಹಂಗಾದ್ರ ಅಂವ ಇನ್ನಾ ಸತ್ತಿಲ್ಲ. ದೇವ್ರು ಇಲ್ಲ ಅಂದಿಲ್ಲ” ಎಂದು ಜಟ್ಟೆಮ್ಮ ಕೈಮುಗಿದಳು. “ನಾವೂ ಏಳು ವರ್ಷ ಕಾಯ್ತೀವ್ರಿ.”

ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಕಥೆ ಇದು. ಹಾಗಲ್ಲ ಜಟ್ಟೆಮ್ಮ, ಅದು ವಿಮೆಗೆ ಮಾತ್ರ ಎಂದೆ. ಮದುವೆಗೆ ಆ ಕಾಯ್ದೆ ಇಲ್ಲ ಎಂದೆ. ನನ್ನನ್ನೇ ಸಮಾಧಾನ ಮಾಡುವಂತೆ, “ಇರಲಿ ಬಿಡ್ರಿ ಅಕ್ಕಾರ, ಏಳು ವರ್ಷ ಏನ್ ಮಹಾ” ಎಂದಳು. ಇಲ್ಲ ಎಂದು ಮುಗಿದಿದ್ದರೆ ಗಂಗಾ ಅತ್ತು, ಹಟ ಹಿಡಿದು, ಜಗಳವಾಡಿಯಾದರೂ ಗೆಲ್ಲುತ್ತಿದ್ದಳೇನೋ. ಹಟಕ್ಕೆ ಎದುರಾಗಿ ಹಟ ಹಿಡಿಯಬಹುದು. ಆಸೆ ಇಟ್ಟುಕೊಂಡು ಕಾಯುವ ಮುದುಕಿಯ ಜೊತೆ ಏನೆಂದು ಜಗಳವಾಡುವುದು? ಮಗ ಸತ್ತ ಮೇಲೆ ಜೊತೆಗೆ ನಿಂತ ಅತ್ತೆಯನ್ನು ಬಿಟ್ಟುಹೋಗುವ ಹುಡುಗಿ ಗಂಗಾ ಅಲ್ಲ.

ಶರಣಬಸವ ಕಾಯುವ ಹಾಗಿಲ್ಲ. ಯುಗಾದಿ ಮುಗಿದ ಕೂಡಲೇ ಅವನ ಮೇಸ್ತ್ರಿ ಇಡೀ ಗುಂಪನ್ನು ಪುಣೆಯ ಕೆಲಸಕ್ಕೆ ಕರೆದೊಯ್ಯುತ್ತಾನೆ. ಮದುವೆಯಾಗುವುದಾದರೆ ಇಲ್ಲೇ ಬೇರೆ ಕೆಲಸ ಹುಡುಕುತ್ತೇನೆ, ಇಲ್ಲವಾದರೆ ಹೋಗುತ್ತೇನೆ ಎಂದು ಅವನು ಮೊದಲೇ ಹೇಳಿದ್ದ. ಮೊನ್ನೆ ಭಾನುವಾರವೇ, ಜಟ್ಟೆಮ್ಮ ಹೂ ತೆಗೆದ ಸುದ್ದಿ ಕೇಳಿ, ಹಿಟ್ಟಿನ ಚೀಲವನ್ನು ಬಾಗಿಲ ಹತ್ತಿರ ಇಟ್ಟು, ಒಳಗೆ ಬಾರದೆ ಹೊರಟುಹೋದನಂತೆ.

ನಿನ್ನೆ ಗಂಗಾ ನಮ್ಮ ಅಡುಗೆಮನೆಯ ಕಟ್ಟೆ ಒರೆಸುತ್ತಾ, ನನ್ನ ಕಡೆ ತಿರುಗದೆ ಕೇಳಿದಳು: “ಅಕ್ಕಾರ, ಸತ್ತೋರಿಗೆ ಏಳು ವರ್ಷ ಕಾಯ್ತೀರಿ. ನಿಮ್ಮ ಆಫೀಸಿನ್ಯಾಗ ಬದುಕಿದ್ದೋರಿಗೆ ಎಷ್ಟು ದಿನ ಕಾಯ್ತಾರ್ರಿ?”

ಅಂಥ ವಿಭಾಗ ನಮ್ಮಲ್ಲಿ ಇಲ್ಲ.

ಆದ್ದರಿಂದ ಮಾನ್ಯರೇ, ಯುಗಾದಿಯ ಒಳಗೆ ಶ್ರೀಪತಿಯನ್ನು ಕಳಿಸಿಕೊಡಿ. ಮೀಸೆ ಇಲ್ಲದಿದ್ದರೂ ಆಗುತ್ತದೆ, ಬೇರೆ ಮುಖವಾದರೂ ಆಗುತ್ತದೆ, ಕೆಳಗೆ ಆ ಒಂದು ಸಾಲು ಓಡಿಸಿ, ನಾವು ಒಪ್ಪಿಕೊಳ್ಳುತ್ತೇವೆ. ಛತ್ರ, ವಾಲಗ, ಐದು ದಿನದ ಮದುವೆ ಸಂಚಿಕೆ ಯಾವುದೂ ಬೇಡ. ಬೆಳಗಿನ ಜಾವ ವಠಾರದ ನಲ್ಲಿಯಲ್ಲಿ ಬಿಂದಿಗೆ ತುಂಬುವ ಸದ್ದು ಕೇಳಲಿ, ವನಜಾಕ್ಷಿ ಬಾಗಿಲು ತೆಗೆಯಲಿ, ಸ್ನಾನ ಮಾಡಿದಿರೇನ್ರೀ ಎಂದು ಬೈಯಲಿ. ಜಟ್ಟೆಮ್ಮನಿಗೆ ಅಷ್ಟು ಸಾಕು, ಉಳಿದದ್ದನ್ನು ಅವಳೇ ಮಾಡುತ್ತಾಳೆ. ನೀವು ಇದನ್ನು ಓದುತ್ತೀರಿ ಎಂಬ ನಂಬಿಕೆ ನನಗಿಲ್ಲ. ಓದಿದರೂ ಮುಂದಿನ ತಿಂಗಳ ಕಂತುಗಳ ಚಿತ್ರೀಕರಣ ಮುಗಿದಿರುತ್ತದೆ. ಆದರೂ ಬೇರೆ ಯಾರಿಗೆ ಬರೆಯಲಿ?

ನಿನ್ನೆ ಸಂಜೆ ಆಫೀಸಿನಿಂದ ಬರುವಾಗ ಹಲಸೂರಿನಲ್ಲಿ ಇಳಿದು ಒಂದು ಮೊಳ ಕನಕಾಂಬರ ಕೊಂಡೆ. ಮನೆಗೆ ಬಂದು ಎರಡು ತುಂಡು ಮಾಡಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಟೀವಿಯ ಎಡಬಲಕ್ಕೆ ಸಿಕ್ಕಿಸಿದೆ. ಗುರುರಾಜ್ ಪತ್ರಿಕೆಯ ಹಿಂದಿನಿಂದ ನೋಡುತ್ತಲೇ ಇದ್ದರು. ನಗುತ್ತಾರೆಂದುಕೊಂಡೆ, ನಗಲಿಲ್ಲ. ಎಡಗಡೆಯ, ‘ಇಲ್ಲ’ ಎನ್ನುವ ಹೂ ಜಾರುತ್ತಿತ್ತು. ಅವರು ಎದ್ದು ಹೋಗಿ, ಅದು ಬೀಳದ ಹಾಗೆ ಒತ್ತಿ ಸಿಕ್ಕಿಸಿ ಬಂದು ಕೂತರು.

ಇಂತಿ,
ನಿಮ್ಮ ಹೂಂ ಒಂದಕ್ಕೆ ಕಾದಿರುವ,
ಶಾಂತಕುಮಾರಿ
ಡೆತ್ ಕ್ಲೇಮ್ ವಿಭಾಗದವಳು, ಈಗ ಸ್ವತಃ ಅರ್ಜಿದಾರಳು
ಮರ್ಫಿ ಟೌನ್ ಪಕ್ಕ, ಬೆಂಗಳೂರು
ಮಾರ್ಚ್ ೨೦೦೪